ರಾಯರ ಸ್ವಾವಲಂಬನೆ

2018ರ ಆಗಸ್ಟ್ ಮಾಸದಲ್ಲಿ ಕೊಡಗಿನ ಮಕ್ಕಂದೂರು ಮೊದಲಾದೆಡೆ ಗುಡ್ಡಗಳು ಕುಸಿದು ಮನೆಮಾರುಗಳು ಮಣ್ಣುಪಾಲಾದಾಗ, ತಮ್ಮ ವಿವಾಹಕಾಲದ ಸೂಟನ್ನು ಸಂತ್ರಸ್ತರಿಗೆ ಸಮರ್ಪಿಸಿ, ಪರದಲ್ಲಿ ಪುಣ್ಯವನ್ನೂ ಬೀರುವಿನಲ್ಲಿ ಸ್ಥಳವನ್ನೂ ಏಕಕಾಲದಲ್ಲಿ ಸಂಪಾದಿಸಿದ್ದ ಓಕಳಿಪುರದ ರಾಯರು, ಮರುವರ್ಷ ಬೆಳಗಾವಿ, ಬಾಗಲಕೋಟೆಗಳು ಜಲಾವೃತವಾದ ವಾರ್ತೆಯನ್ನೋದಿ ನಿಟ್ಟುಸಿರಿಟ್ಟರು.

“ಮತ್ತೆ ಚಂದಾ ಎನ್ನಬೇಡಿ, ಮೇಷ್ಟ್ರೇ! ದಾನವು ಮನುಷ್ಯನನ್ನು ಸೋಮಾರಿಯಾಗಿಸುತ್ತದೆ, ಸ್ವಾವಲಂಬನೆಯೇ ಪರಮಧರ್ಮ.”

“ಕೃಷ್ಣೆಯಲ್ಲಿ ಕೊಚ್ಚಿಹೋದ ಎತ್ತುಗಳನ್ನು ಅವಲಂಬಿಸಿಯೇ, ಸ್ವಾಮಿ?”

“ವರ್ಷವರ್ಷವೂ ಕೊಡುವುದೆಂದರೆ! ಪ್ರವಾಹಕ್ಕಾದರೂ ಸಂಯಮ ಬೇಡವೆ?”

“ನಮ್ಮ ಬೀದಿಯಲ್ಲಿ ಮಳೆನೀರು ನಿಂತಾಗ ತಾವು…”

“ಅದು ಬೇರೆ! ಪಾಲಿಕೆಯವರು ಪಂಪು ತರತಕ್ಕದ್ದು. ತೆರಿಗೆ ಕಟ್ಟುವವನು ನಾನು.”

“ಕಬ್ಬು ಬೆಳೆಯುವವರು ಅವರು,” ಎಂದು ಮೇಷ್ಟ್ರು ರಸೀದಿ ಪುಸ್ತಕವನ್ನು ಬಿಚ್ಚಿದರು.

ರಾಯರು ಕಾಫಿಗೆ ಮತ್ತೊಂದು ಚಮಚ ಸಕ್ಕರೆ ಬೆರೆಸಿಕೊಳ್ಳುತ್ತ, ದಾನಿಗಳ ನಾಮಾವಳಿಯು ಪತ್ರಿಕೆಯಲ್ಲಿ ಭಾವಚಿತ್ರಸಹಿತ ಪ್ರಕಟವಾಗುವುದೇ ಎಂದು ವಿಚಾರಿಸಿದರು.