ಚಿಹ್ನಾಧಿಕಾರ ಪ್ರಕರಣಂ: ಮಾರ್ಕೆಟ್ ಯಾರ್ಡ್ ಪ್ರಯೋಗ ಸಹಿತ

ಸೂತ್ರ 1: ಚಿಹ್ನೆ ಒಂದು, ಅರ್ಥ ಹಲವು, ಹೊರೆ ಓದುವವನದು.

ವೃತ್ತಿ: ವ್ಯಾಕರಣಕಾರ ಕೇಶಿರಾಜನ ಜಾಡಿನಲ್ಲಿ ಸೂತ್ರ, ವೃತ್ತಿ, ಪ್ರಯೋಗ ಎಂದು ಸಾಗುವ ಈ ಮಹಾಪ್ರಬಂಧದ ವಿಷಯ ಪ್ರೋಗ್ರಾಮಿಂಗಿನ ಆಪರೇಟರ್ ಓವರ್‌ಲೋಡಿಂಗ್, ಅರ್ಥಾತ್ ಚಿಹ್ನಾನಿಷ್ಠ-ಬಹ್ವರ್ಥಾರೋಪಣ-ಪ್ರಕ್ರಿಯೆ. ಸಿ ಭಾಷೆಯಲ್ಲಿ << ಇದ್ದದ್ದು ಬಿಟ್‌ಗಳನ್ನು ಎಡಕ್ಕೆ ತಳ್ಳಲಿಕ್ಕೆ. ಸಿ ಪ್ಲಸ್ ಪ್ಲಸ್ ಬಂದಮೇಲೆ ಪರದೆಗೆ ಅಕ್ಷರ ಸುರಿಯುವ ಚಾಕರಿಯೂ ಅದರ ಕೊರಳಿಗೇ ಬಿತ್ತು. ಚಾಕರಿ ಹೆಚ್ಚಿದರೂ ಪಂಕ್ತಿ, ಅಂದರೆ ಯಾರಿಗೆ ಮೊದಲು ಎಂಬ ಸರದಿ, ಬದಲಾಗಲಿಲ್ಲ: ಕೂಡುವ ಚಿಹ್ನೆಯ ಊಟವಾದ ಮೇಲೆಯೇ ಇದರ ಎಲೆಗೆ ಬಡಿಸುವುದು. ಹ್ಯಾಸ್ಕೆಲ್ ಇನ್ನೂ ಉದಾರಿ. ಅಲ್ಲಿ ಚಿಹ್ನೆ ಹೆತ್ತವನೇ 0ಯಿಂದ 9ರೊಳಗೆ ಅದರ ಪಂಕ್ತಿಯನ್ನೂ ಗೊತ್ತುಮಾಡಬಹುದು. ಎಪಿಎಲ್ ಭಾಷೆಯ ಕೆನೆತ್ ಐವರ್ಸನ್ ಮಾತ್ರ ಪಂಕ್ತಿಭೇದವನ್ನೇ ಕಿತ್ತೊಗೆದು, ಎಲ್ಲರಿಗೂ ಬಲದಿಂದ ಎಡಕ್ಕೆ ಬಡಿಸಿದ.

ಚಿಹ್ನಾಕಾರರು ಪಂಚವಿಧ: ಅವಶ್ಯಕರು, ಅಲಂಕಾರಿಗಳು, ಉನ್ಮತ್ತರು... ಉಳಿದೆರಡನ್ನು ಬರೆಯುವ ಹುರುಪಿಲ್ಲ. ಮೂರನೆಯ ವಿಧದವನೊಬ್ಬ ನಮ್ಮ ಆಫೀಸಿನಲ್ಲೇ ಇದ್ದ. |~> ಎಂಬುದನ್ನು ಸೃಷ್ಟಿಸಿ, ಅದರ ಪಂಕ್ತಿ 4 ಏಕೆ, 5 ಏಕಲ್ಲ ಎಂದು ಎರಡು ತಾಸು ಮೀಟಿಂಗ್ ನಡೆಸಿದ. 'ನೆಟ್ಟಗೆ ಒಂದು ಹೆಸರಿಡಬಾರದೇ?' ಎಂದದ್ದಕ್ಕೆ ನಕ್ಕ. ಆರು ತಿಂಗಳಿಗೆ ಬೇರೆ ಕಂಪನಿ ಸೇರಿದ. ಚಿಹ್ನೆ ನಮ್ಮಲ್ಲೇ ಉಳಿಯಿತು.

ಪ್ರಯೋಗ: ಪುಣೆಯ ಗುಲ್ಟೇಕಡಿ, ಮಾರ್ಕೆಟ್ ಯಾರ್ಡ್, ನಸುಕು. ಇಂಡಿ ತಾಲೂಕಿನಿಂದ ಲಿಂಬೆ ತಂದ ನಮ್ಮ ಕಾಕಾನ ಕೈಯಲ್ಲಿ ಅಡತ್ಯಾ (ದಲಾಲಿ) ಬರೆದುಕೊಟ್ಟ ಪಟ್ಟಿ, ಕಾರ್ಬನ್ನಿನ ನೀಲಿ ಪ್ರತಿ. ಮೇಲೆ ಒಂದೇ ಒಂದು ಗುಣಾಕಾರ. ಕೆಳಗೆಲ್ಲ ಕಳೆಯುವ ಗೀಟು: ಲಾರಿಯ ಭಾಡಗಿ, ಹಮಾಲಿ, ತಕ್ಕಡಿಯ ತೋಲಾಯಿ, ವಾರಾಯಿ, ಮುಂಗಡದ ಉಚಲು. ಗೀಟು ಒಂದೇ, ಅವತಾರ ಐದು.

'ವಾರಾಯಿ ಅಂದ್ರ ಏನ್ ಕಾಕಾ?'

'ಯಾಂವಗ ಗೊತ್ತಪಾ. ನಮ್ಮಪ್ಪನ ಕಾಲದಿಂದ ಹಿಡಕೊಂತಾರ.'

ಶಾಸ್ತ್ರಸಮ್ಮತ ಉತ್ತರ: ಹಿಂದಿನಿಂದ ಬಂದದ್ದು, ಹಾಗೇ ಉಳಿದದ್ದು. ಸಿ ಭಾಷೆಯಲ್ಲಿ & ಚಿಹ್ನೆಯನ್ನು == ಗಿಂತ ಕೆಳಗೆ ಕೂರಿಸಿದ್ದನ್ನು ಬದಲಿಸಿದ್ದರೆ ಚೆನ್ನಿತ್ತೆಂದು ಆ ಭಾಷೆಯ ಜನಕ ಡೆನಿಸ್ ರಿಚಿಯೇ 1993ರಲ್ಲಿ ಬರೆದ. ಆದರೆ ಅದಾಗಲೇ ಬರೆದಿಟ್ಟ ಪ್ರೋಗ್ರಾಮುಗಳು ಕೆಟ್ಟಾವೆಂದು ಯಾರೂ ಅದನ್ನು ಆ ಪಂಕ್ತಿಯಿಂದ ಎಬ್ಬಿಸಿರಲಿಲ್ಲ.

ಮಹಾರಾಷ್ಟ್ರ ಸರ್ಕಾರವಾದರೂ 2016ರಲ್ಲಿ ಒಮ್ಮೆ ಒಂದು ಗೀಟನ್ನು ಎಬ್ಬಿಸಿತು: ಹಣ್ಣು-ತರಕಾರಿಯ ಅಡತ್ (ದಲಾಲಿ ಹಣ) ರೈತನಿಂದಲ್ಲ, ಕೊಂಡವನಿಂದ ವಸೂಲಾಗಲಿ ಎಂದಿತು. ವೈಯಾಕರಣರ ಮಾತಿನಲ್ಲಿ, ಎಡಪದ ಬಲಪದಗಳ ಅದಲುಬದಲು. (ಹಮಾಲರ ಮೇಲೆ ನನಗೆ ಸಿಟ್ಟಿಲ್ಲ. ಓವರ್‌ಲೋಡಿಂಗನ್ನು ಬೆನ್ನಿನಿಂದ ಬಲ್ಲವರು ಅವರೊಬ್ಬರೇ. ಬಾಬಾ ಆಢಾವ್ ಅವರ ಹಮಾಲ ಪಂಚಾಯತ್ ಎಂಬ ಸಂಘಟನೆ ಚೀಲದ ತೂಕ ಇಳಿಸಲೆಂದೇ ಬೀದಿಗಿಳಿದಿತ್ತು.)

ಸೂತ್ರ 2: ಇದಕ್ಕೆ ಸಂಸ್ಕೃತ ಹುಡುಕುವ ತಾಳ್ಮೆ ಮುಗಿಯಿತು. ಪೆನ್ನು ಹಿಡಿದವನೇ ಗೀಟಿನ ಅರ್ಥ ಹೇಳುತ್ತಾನೆ, ಯಾರ ಪಾಲು ಮೊದಲು ಎಂದೂ ಅವನೇ ಹೇಳುತ್ತಾನೆ. ಲಾರಿಯವನದು ಮೊದಲು, ತಕ್ಕಡಿಯದು ಆಮೇಲೆ. ಬೆಳೆದವನಿಗೆ ಕಟ್ಟಕಡೆಯ ಪಂಕ್ತಿ. ಸೌಟು ಅಲ್ಲಿಗೆ ಬರುವಷ್ಟರಲ್ಲಿ ಪಾತ್ರೆಯ ತಳ ಕಾಣುತ್ತಿರುತ್ತದೆ. |~> ಅರ್ಥವಾಗದೆ ನಾನು ಕಳೆದುಕೊಂಡದ್ದು ಒಂದು ವಾರದ ನಿದ್ದೆ, ಅಷ್ಟೇ. ಸಂಬಳ ಒಂದನೇ ತಾರೀಕಿಗೆ ಬಂತು.

ಪ್ರಯೋಗ: ಸೊಲ್ಲಾಪುರ, ಫೆಬ್ರವರಿ 2023. ಉಳ್ಳಾಗಡ್ಡಿ 512 ಕಿಲೋ, ಕಿಲೋಗೆ 1 ರೂಪಾಯಿ. ಗೀಟುಗಳೆಲ್ಲ ಮುಗಿದಮೇಲೆ ಉಳಿದದ್ದು 2 ರೂಪಾಯಿ 49 ಪೈಸೆ. ಪೈಸೆಯನ್ನು ಪೂರ್ಣಾಂಕ ನ್ಯಾಯದಿಂದ ಕೈಬಿಟ್ಟು ರೈತನಿಗೆ 2 ರೂಪಾಯಿಯ ಚೆಕ್ ಬರೆದುಕೊಟ್ಟರು. ಅದೂ ಹದಿನೈದು ದಿನ ಮುಂದಿನ ತಾರೀಕಿನದು.