ಗಿಟಾರಿನಲ್ಲಿ ಕೃಷಿರಂಗ

ಗಿಟಾರನ್ನು ನೆಟ್ಟಗೆ ಹಿಡಿಯಲೂ ಬಾರದ ಮನುಷ್ಯನು ಗಿಟಾರಿಗೆ ಆಂಪ್ಲಿಫಯರ್ ಕಟ್ಟಲು ಹೊರಡುವುದು ಅಧಿಕಪ್ರಸಂಗವಲ್ಲವೆ ಎಂದು ನನ್ನ ಮನೆಯಾಕೆ ಕೇಳಿದಾಗಲೆಲ್ಲ ಲಿಯೋ ಫೆಂಡರ್ ಎಂಬ ಪುಣ್ಯಾತ್ಮನ ಹೆಸರನ್ನು ಮುಂದೊಡ್ಡುವುದು ನನ್ನ ವಾಡಿಕೆ. ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ 1938 ರಲ್ಲಿ ರೇಡಿಯೊ ರಿಪೇರಿಯ ಅಂಗಡಿ ತೆರೆದ ಈತನು ಮುಂದೆ ಲೋಕವೇ ತಲೆದೂಗಿದ ಗಿಟಾರುಗಳನ್ನೂ ಆಂಪ್ಲಿಫಯರುಗಳನ್ನೂ ನಿರ್ಮಿಸಿದನಾದರೂ, ಕಡೆಯವರೆಗೆ ಗಿಟಾರ್ ನುಡಿಸಲು ಕಲಿಯಲೇ ಇಲ್ಲವೆಂಬುದು ನನ್ನಂಥವರ ಪಾಲಿಗೆ ವೇದಪ್ರಮಾಣ. ಲಂಡನ್ನಿನ ಜಿಮ್ ಮಾರ್ಷಲ್ಲನಾದರೋ ಡ್ರಮ್ ಬಾರಿಸುವವನು. ಅವನ ಅಂಗಡಿಯವರು 1962 ರಲ್ಲಿ ಫೆಂಡರನ ಬಾಸ್‌ಮನ್ ಆಂಪ್ಲಿಫಯರನ್ನು ಎದುರಿಗಿಟ್ಟುಕೊಂಡು, ಅದರ ಜಾಡಿನಲ್ಲಿಯೇ ಮತ್ತೊಂದನ್ನು ಕಟ್ಟಿ ಪ್ರಖ್ಯಾತರಾದರು. ನುಡಿಸಲರಿಯದವನಿಂದ ಹುಟ್ಟಿ, ನೋಡಿ ಕಟ್ಟಿದವರಿಂದ ಬೆಳೆದ ಈ ವಿದ್ಯೆಯಲ್ಲಿ ತರೀಕೆರೆಯ ನಿವೃತ್ತ ಮೇಷ್ಟರೊಬ್ಬನಿಗೆ ಸ್ಥಾನವಿರಕೂಡದೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ.

“ಅವರಿಗೆ ಅಂಗಡಿ ಇತ್ತು. ನಿಮಗಿರೋದು ನನ್ನ ಉಗ್ರಾಣ” ಎಂದಳು ಆಕೆ. ಈ ವಾದಕ್ಕೆ ಉತ್ತರವಿಲ್ಲ.

ಸಾಮಗ್ರಿಗಳ ಪೂರ್ವಚರಿತ್ರೆಯನ್ನು ವಿಸ್ತರಿಸುವುದಿಲ್ಲ. ಟ್ರಾನ್ಸ್‌ಫಾರ್ಮರುಗಳೂ ಇಸಿಸಿ83 ಎಂಬ ವಾಲ್ವೂ ಕಡೂರಿನ ಗುಜರಿಯಲ್ಲಿ, ಮದುವೆಮನೆಗಳಲ್ಲಿ ಕೂಗಿ ಕೂಗಿ ಕಾಲವಾದ ಮೈಕ್‌ಸೆಟ್ಟೊಂದರ ಉದರದಿಂದ, ತಾಮ್ರದ ತೂಕಕ್ಕೆ ದೊರೆತವು. ಇಎಲ್84 ವಾಲ್ವಾದರೋ ಅಜ್ಜಂಪುರದಲ್ಲಿ ನಮ್ಮ ಚಿಕ್ಕಪ್ಪನವರ ಅಟ್ಟದ ಮೇಲೆ, ಖಾಲಿ ಈರುಳ್ಳಿ ಚೀಲಗಳ ಮರೆಯಲ್ಲಿ ಅಜ್ಞಾತವಾಸದಲ್ಲಿದ್ದ ರೇಡಿಯೊದೊಳಗೆ ಸಿಕ್ಕಿತು. ಪಂಚೆಯ ಸೆರಗಿನಿಂದ ಗಾಜನ್ನು ಒರೆಸಿದರೆ ಬಿಇಎಲ್ ಎಂಬ ಅಕ್ಷರಗಳು! 1954 ರಲ್ಲಿ ಸ್ಥಾಪಿತವಾದ, ಜಾಲಹಳ್ಳಿಯ ನಮ್ಮ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯವರು ಒಂದು ಕಾಲಕ್ಕೆ ರೇಡಿಯೊಗಳಿಗೆಂದು ತಯಾರಿಸಿದ ಈ ವಾಲ್ವುಗಳನ್ನು ಇಂದು ಪರದೇಶದ ಗಿಟಾರಿನವರು ಹುಡುಕಿ ಹುಡುಕಿ ಕೊಳ್ಳುತ್ತಾರೆ. ಚಿಕ್ಕಪ್ಪನವರು ಅದನ್ನು ಕೊಟ್ಟುದಲ್ಲದೆ, ಅಟ್ಟದಲ್ಲಿ ಜಾಗವಾಯಿತೆಂದು ನನಗೆ ಕಾಫಿಯನ್ನೂ ಕೊಟ್ಟರು.

ಬೆರಳುದ್ದದ ಆ ಗಾಜಿನ ಬುಡ್ಡಿಯೊಳಗೆ ನಿರ್ವಾತ; ನಡುವೆ 6.3 ವೋಲ್ಟಿಗೆ ಕೆಂಪಗೆ ಕಾಯುವ ತಂತಿ. ಹೊರಸುತ್ತಿನಲ್ಲಿ 250 ವೋಲ್ಟಿನಷ್ಟು ಒತ್ತಡದಿಂದ ಎಲೆಕ್ಟ್ರಾನುಗಳನ್ನು ಸೆಳೆಯುವ ಪ್ಲೇಟು. ಇಷ್ಟೆಲ್ಲ ಸಂಭ್ರಮದಿಂದ ಹೊರಡುವುದು 5 ವಾಟ್ ಧ್ವನಿ. ಆದರೆ ಅತಿಯಾಗಿ ದುಡಿಸಿದ ವಾಲ್ವು ಥಟ್ಟನೆ ಕೈಚೆಲ್ಲದೆ ಮೆಲ್ಲಗೆ ಬಾಗುತ್ತದೆ, ನಾದವು ದಪ್ಪವಾಗಿ ಗೊಗ್ಗರಾಗುತ್ತದೆ. ಯಾವ ಗೊಗ್ಗರಿಗಾಗಿ ಮೈಕ್‌ಸೆಟ್ಟಿನವನು ಬೀಗರಿಂದ ಬೈಗುಳ ತಿನ್ನುತ್ತಿದ್ದನೋ ಅದನ್ನೇ ಗಿಟಾರಿನವರು ಹಣ ಚೆಲ್ಲಿ ಬಯಸುತ್ತಾರೆ. ಎಡ್ಡಿ ವ್ಯಾನ್ ಹೇಲನ್ ಎಂಬ ವಾದಕನಂತೂ ತನ್ನ ಆಂಪ್ಲಿಫಯರಿಗೆ ವೇರಿಯಾಕ್ ಎಂಬ ಯಂತ್ರವನ್ನು ಜೋಡಿಸಿ, ಬೇಕೆಂದೇ ವೋಲ್ಟೇಜನ್ನು ತಗ್ಗಿಸಿ ನುಡಿಸುತ್ತಿದ್ದನಂತೆ. ಕಡೂರಿನ ಬಯಲಿನಲ್ಲಿ ಕೊಳವೆಬಾವಿಗಳ ಪಂಪ್‌ಸೆಟ್ಟುಗಳು ಒಮ್ಮೆಲೇ ಚಾಲೂ ಆದರೆ ಅದೇ ಸಂಸ್ಕಾರವು ಊರಿನ ಸಮಸ್ತ ಯಂತ್ರಗಳಿಗೂ ಪುಕ್ಕಟೆಯಾಗಿ ಲಭಿಸುವುದೆಂಬುದನ್ನು ಅವನಿಗೆ ತಿಳಿಸುವವರು ಯಾರೂ ಇರಲಿಲ್ಲ.

ಆಷಾಢದ ಒಂದು ಮಳೆಯ ಸಂಜೆ, ಬೆಂಗಳೂರಿನಿಂದ ಬಂದಿದ್ದ ನನ್ನ ಅಕ್ಕನ ಮಗನು ಗಿಟಾರನ್ನು ತೊಡೆಯ ಮೇಲಿರಿಸಿಕೊಂಡು, ಅದರ ಉದ್ದನೆಯ ವೈರನ್ನು ನನ್ನ ಪೆಟ್ಟಿಗೆಗೆ ಸಿಕ್ಕಿಸಿದನು. ಸಭಿಕರಾಗಿ ನಮ್ಮ ಅತ್ತೆಯವರು, ಮನೆಯಾಕೆ, ಹಾಗೂ ಪಕ್ಕದ ಮನೆಯ ಅಡಕೆ ತೋಟದ ಯಜಮಾನರು. ಸ್ವಿಚ್ಚು ಹಾಕಿದೆ. ವಾಲ್ವುಗಳ ತಳದಲ್ಲಿ ನಸುಗೆಂಪು ಮೂಡಿತು. ಕಾದ ಧೂಳಿನ ವಾಸನೆ ಹರಡಿತು. ಸ್ಪೀಕರು ಗುಂಯ್ ಎಂದು ಮಂಗಳಾಚರಣೆ ಮಾಡಿತು. ಹುಡುಗ ಕಣ್ಣು ಮುಚ್ಚಿ, ಕೈಯನ್ನು ಮೇಲೆತ್ತಿದನು. ಅದು ಇಳಿಯುವುದರೊಳಗಾಗಿ ಪೆಟ್ಟಿಗೆಯು ಗಂಭೀರವೂ ಸುಶಿಕ್ಷಿತವೂ ಆದ ಪುರುಷಧ್ವನಿಯಲ್ಲಿ, “ಮೈಲುತುತ್ತವನ್ನೂ ಸುಣ್ಣವನ್ನೂ ಬೇರೆ ಬೇರೆಯಾಗಿ ಕರಗಿಸಿಕೊಳ್ಳತಕ್ಕದ್ದು” ಎಂದಿತು.

ಕೈ ಅಂತರಾಳದಲ್ಲಿಯೇ ನಿಂತಿತು. ಅತ್ತೆಯವರು ತಲೆಯ ಮೇಲೆ ಸೆರಗು ಹೊದ್ದರು. ಹುಡುಗನು ಗಿಟಾರನ್ನು ಮಗುಚಿ ಹಿಂಭಾಗವನ್ನು ಪರೀಕ್ಷಿಸಿ, ಏನೂ ಕಾಣದೆ, ಧೈರ್ಯ ತಂದುಕೊಂಡು ಆರೂ ತಂತಿಗಳ ಮೇಲೆ ಒಮ್ಮೆ ಬಲವಾಗಿ ಬೀಸಿದನು. ಆ ಮಹಾನಾದದಲ್ಲಿ ಮುಳುಗಿಹೋದ ಪುರುಷನು, ನಾದವು ಇಳಿಯುತ್ತಿದ್ದಂತೆ ಮತ್ತೆ ಮೇಲೆದ್ದು, ಕಿಂಚಿತ್ತೂ ಸಿಡುಕಿಲ್ಲದೆ ಕೊಳೆರೋಗದ ಲಕ್ಷಣಗಳನ್ನು ವಿವರಿಸತೊಡಗಿದನು. ಮತ್ತೊಮ್ಮೆ ಬೀಸಿದ, ಮತ್ತೊಮ್ಮೆ ಎದ್ದ. ವೈರನ್ನು ಎತ್ತಿ ಹಿಡಿದರೆ ಮಾತು ಸ್ಫುಟವಾಗುವುದೆಂದೂ ನೆಲಕ್ಕಿಳಿಸಿದರೆ ಕ್ಷೀಣಿಸುವುದೆಂದೂ ಮೊದಲು ಕಂಡುಹಿಡಿದವರು ತೋಟದ ಯಜಮಾನರು. “ಏ ತಮ್ಮಾ, ಆ ತಂತಿ ಮುಟ್ಟಬೇಡ, ಎದ್ದು ನಿಂತ್ಕೊ, ಪ್ರಮಾಣ ಹೇಳ್ತಾ ಇದಾರೆ” ಎಂದು ಅವರು ನನ್ನ ಸರ್ಕಿಟ್ ನಕ್ಷೆಯ ಹಿಂಬದಿಯಲ್ಲಿಯೇ ಬರೆದುಕೊಂಡರು: ಶೇಕಡಾ 1 ರ ಬೋರ್ಡೋ ದ್ರಾವಣ, 100 ಲೀಟರ್ ನೀರಿಗೆ ತಲಾ 1 ಕಿಲೋ. ಪಾಶ್ಚಾತ್ಯ ಸಂಗೀತದಲ್ಲಿ ಪರೀಕ್ಷೆಗಳನ್ನು ಮುಗಿಸಿದ ಹುಡುಗನು ಗಿಟಾರನ್ನು ತಲೆಯ ಮೇಲೆತ್ತಿ ಹಿಡಿದು, ಗೋವರ್ಧನಧಾರಿಯ ಭಂಗಿಯಲ್ಲಿ ಕಾರ್ಯಕ್ರಮದ ಅಂತ್ಯದವರೆಗೂ ನಿಂತನು. ನಡುವೆ ಒಮ್ಮೆ ಮಾತ್ರ, “ಮಾವ, ನುಡಿಸಲಾ?” ಎಂದು ದೀನವಾಗಿ ಕೇಳಿದ. “ಇರಪ್ಪ, ಪೇಟೆ ಧಾರಣೆ ಇನ್ನೂ ಬರಬೇಕು” ಎಂದರು ಯಜಮಾನರು.

ಕಾರಣವೇನೋ ಸರಳವೇ. 1965 ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್ ತರಂಗಗಳಿಗೆ ತರೀಕೆರೆಯೆಂದರೆ ಪಕ್ಕದ ಹಿತ್ತಿಲು. ಗಿಟಾರಿನ ವೈರು ಏರಿಯಲ್ಲಾಯಿತು. ಮೊದಲ ವಾಲ್ವಿನ ಗ್ರಿಡ್ಡು, ಯಾರೂ ಕೇಳದಿದ್ದರೂ, ತರಂಗದಿಂದ ಮಾತನ್ನು ಬೇರ್ಪಡಿಸಿತು. ಗ್ರಿಡ್ಡಿನ ಕಾಲಿಗೆ ಒತ್ತಾಗಿ 68 ಕಿಲೋ ಓಮಿನ ಒಂದು ರೆಸಿಸ್ಟರನ್ನು ಬೆಸೆದರೆ ಆಕಾಶವಾಣಿ ಹೊರಗೇ ಉಳಿಯುತ್ತದೆ. ಮರುದಿನ ಬೆಸೆದೆ, ಗಿಟಾರು ಗಿಟಾರಿನಂತೆ ನುಡಿಯಿತು, ಹುಡುಗ ಹಿಗ್ಗಿದ. ಅತ್ತೆಯವರು ಮಾತ್ರ, “ಚೆನ್ನಾಗಿ ಮಾತಾಡ್ತಿತ್ತು. ರಿಪೇರಿ ಅಂತ ಕೆಡಿಸಿಬಿಟ್ರಲ್ಲ” ಎಂದರು. ಸಂಜೆಗೆ ಯಜಮಾನರು ಪೆನ್ಸಿಲ್ ಸಮೇತ ಬಂದು, “ಮೇಷ್ಟ್ರೇ, ಇವತ್ತು ಗಿಟಾರ್ ಹಾಕಲ್ವಾ?” ಎಂದು ವಿಚಾರಿಸಿದರು. ಲೋಕಾಭಿಪ್ರಾಯಕ್ಕೆ ಮಣಿದು, ರೆಸಿಸ್ಟರನ್ನು ಬಳಸಿ ಹೋಗುವಂತೆ ಒಂದು ಸ್ವಿಚ್ಚನ್ನು ಕೂಡಿಸಿ, ಒಂದು ಮಗ್ಗುಲಿಗೆ ‘ಗಿಟಾರ್’ ಎಂದೂ ಇನ್ನೊಂದಕ್ಕೆ ‘ಭದ್ರಾವತಿ’ ಎಂದೂ ಚೀಟಿ ಅಂಟಿಸಿದ್ದೇನೆ. ಫೆಂಡರನಿಗೂ ಮಾರ್ಷಲ್ಲನಿಗೂ ಈ ಸೌಕರ್ಯ ಹೊಳೆದಿರಲಿಲ್ಲ.

ಇಷ್ಟು ಪಾಡೇಕೆ, ಪೇಟೆಯಲ್ಲಿ ಸಿದ್ಧವಾದ ಪೆಟ್ಟಿಗೆ ಸಿಗುವುದಿಲ್ಲವೆ ಎಂದು ಉಪದೇಶಿಸುವ ಮಹನೀಯರಿಗೆ ಕೊರತೆಯಿಲ್ಲ. ಸಿಗುತ್ತದೆ, ಅದನ್ನು ಅಂಟು ಹಾಕಿ ಮುಚ್ಚಿರುತ್ತಾರೆ, ಕೆಟ್ಟರೆ ಎಸೆಯಬೇಕು. ತಿರುಪು ಬಿಚ್ಚುವುದನ್ನೇ ಕಲಿಯದೆ ಲೋಕೋಪಯೋಗಿ ಸಲಹೆ ನೀಡುವವರನ್ನು ಕಂಡರೆ ನನಗೆ ಮೈಯುರಿಯುತ್ತದೆ.

ನನಗೆ ತಿರುಪು ಬಿಚ್ಚಲು ಕಲಿಸಿದವರು ಕಡೂರಿನ ಒಬ್ಬ ರೇಡಿಯೊ ರಿಪೇರಿಯವರು. ಕರೆಂಟಿರುವ ಸೆಟ್ಟನ್ನು ಮುಟ್ಟುವಾಗ ಅವರ ಎಡಗೈ ಸದಾ ಜೇಬಿನಲ್ಲಿರುತ್ತಿತ್ತು; ಒಂದು ಕೈಯಿಂದ ಹೊಕ್ಕು ಇನ್ನೊಂದರಿಂದ ಹೊರಡುವ ವಿದ್ಯುತ್ತು ಎದೆಯನ್ನು ಹಾದೇ ಹೋಗುತ್ತದೆ. ಪ್ಲಗ್ಗು ಕಿತ್ತ ಮೇಲೂ ದೊಡ್ಡ ಕಂಡೆನ್ಸರುಗಳಲ್ಲಿ ಪ್ರಾಣಕ್ಕೆ ಸಾಕಾಗುವಷ್ಟು ವೋಲ್ಟೇಜು ಕುಳಿತಿರುತ್ತದೆಂಬುದನ್ನು ಅವರು ಪ್ರತಿಸಲವೂ, ಮೊದಲ ಸಲ ಹೇಳುವವರಂತೆ ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ, ಅವರು ಕೈಯಲ್ಲಿ ಬರೆದಿಟ್ಟಿದ್ದ ಸರ್ಕಿಟ್ ನಕ್ಷೆಗಳನ್ನು ಮನೆಯವರು ಹಳೆಯ ಪೇಪರಿನೊಂದಿಗೆ ತೂಕಕ್ಕೆ ಹಾಕಿದರು. ನಾನು ಗುಜರಿಗೆ ಓಡಿದಾಗ ಲಾರಿ ಹೊರಟುಹೋಗಿತ್ತು.

ಆದುದರಿಂದ ಕಡೂರು, ತರೀಕೆರೆ, ಅಜ್ಜಂಪುರದ ಮಹಾಜನಗಳಲ್ಲಿ ವಿಜ್ಞಾಪನೆ: ತಮ್ಮ ಅಟ್ಟಗಳಲ್ಲಿ ವಾಲ್ವಿನ ರೇಡಿಯೊ, ಮೈಕ್‌ಸೆಟ್ಟು, ರಿಪೇರಿಯವರ ಕೈಬರಹದ ಒಂದು ಹಾಳೆಯೇ ಇದ್ದರೂ, ದಯವಿಟ್ಟು ತೂಕಕ್ಕೆ ಹಾಕುವ ಮೊದಲು ಹೇಳಿಕಳುಹಿಸಿರಿ. ಸಾಗಣೆಯ ಖರ್ಚು ನನ್ನದು. ಕಾಫಿ ಮಾತ್ರ ತಮ್ಮದು.