ಚಾಳ್ ದುರಸ್ತಿ ಕಾಕಾ

ಹುಬ್ಬಳ್ಳಿಯ ನಾನು ಮಹಾರಾಷ್ಟ್ರದ ಲಾಸಲಗಾಂವ್‌ಗೆ ಹೋದದ್ದು ಉಳ್ಳಾಗಡ್ಡಿ ದರ ನೋಡಲು. ನೋಡಿ ಬಂದದ್ದು ಕಾಕಾರನ್ನು. ಇಂಥವರು ಪ್ರತಿ ಪೇಟೆಯಲ್ಲೂ ಒಬ್ಬರಿರುತ್ತಾರೆ. ವಕೀಲರಲ್ಲ, ತಲಾಠಿಯಲ್ಲ, ಆದರೆ ಊರವರು ಆ ಇಬ್ಬರಿಗಿಂತ ಮುಂಚೆ ಹೋಗುವುದು ಇವರ ಬಳಿಗೆ. ಹರಾಜಿನ ಕೂಗು ಕೇಳಿಸುವಷ್ಟು ದೂರದ ಚಹಾದಂಗಡಿಯೇ ಅವರ ಕಚೇರಿ.

ಉಯಿಲಿಗೆ ಮರಾಠಿಯಲ್ಲಿ ಮೃತ್ಯುಪತ್ರ ಅನ್ನುತ್ತಾರೆ. ಆ ಮಾತು ಕೇಳಿದರೆ ಯಾವ ರೈತ ಬೆಂಚಿನ ಮೇಲೆ ಕೂತಾನು? ಅದಕ್ಕೇ ಕಾಕಾ ‘ಚಾಳ್ ದುರಸ್ತಿ’ ಅನ್ನುತ್ತಾರೆ. ಚಾಳ್ ಎಂದರೆ ಉಳ್ಳಾಗಡ್ಡಿ ಕೂಡಿಡುವ, ಗಾಳಿಯಾಡುವ ಗೂಡು. ಸಮಯಕ್ಕೆ ತೆಗೆಯದಿದ್ದರೆ ಒಳಗೇ ಕೊಳೆಯುತ್ತದೆ, ಆಸ್ತಿಯೂ ಹಾಗೇ ಎಂಬುದು ಅವರ ಸಿದ್ಧಾಂತ.

ಉಯಿಲಿಗೆ ಸ್ಟ್ಯಾಂಪ್ ಬೇಡ, ಬಿಳಿ ಹಾಳೆ ಸಾಕು, ನೋಂದಣಿಯೂ ಕಡ್ಡಾಯವಲ್ಲ ಎಂದರೆ ರೈತನಿಗೆ ಅವಮಾನ. “ನನ್ನ ಐದೆಕರೆಗೆ ಬಿಳಿ ಹಾಳೆಯೇ?” ಹಾಗಾಗಿ 500 ರೂಪಾಯಿಯ ಕಾಗದವೇ ಬರುತ್ತದೆ. 2024ರ ಅಕ್ಟೋಬರಿನ ತನಕ 100ರಲ್ಲೇ ಮುಗಿಯುತ್ತಿದ್ದ ಮರ್ಯಾದೆ ಇದು. ಸಾಕ್ಷಿ ಇಬ್ಬರು ಬೇಕು. ಮುದುಕರನ್ನು ಕಾಕಾ ಹತ್ತಿರ ಸೇರಿಸುವುದಿಲ್ಲ. “ನಿನಗಿಂತ ಮುಂಚೆ ಅವನೇ ಹೊರಟುಬಿಟ್ಟರೆ?”

ನಾನಿದ್ದ ದಿನ ಬಂದವರು ಮೂರು ಗಂಡುಮಕ್ಕಳ ತಂದೆ. ಹೊಲ ಹಿರಿಯರದು. ಮೂವರಿಗೂ ಹಂಚಿ ಮುಗಿಸಲು ಕಾಲು ಗಂಟೆ ಸಾಕಾಯಿತು. ಬಾವಿಯ ಮೋಟಾರಿಗೆ ಮುಕ್ಕಾಲು ಗಂಟೆ.

“ಮಗಳು?” ಅಂದರು ಕಾಕಾ.

“ಲಗ್ನ ಮಾಡಿ ಕೊಟ್ಟಾಗಿದೆಯಲ್ಲ.”

ಕಾಕಾ ಪೆನ್ನಿನ ಟೋಪಿ ಮುಚ್ಚಿದರು. “ಭಾವೂ, ಹಿರಿಯರ ಹೊಲದಲ್ಲಿ ನಿನ್ನ ಪಾಲನ್ನಷ್ಟೇ ನೀನು ಬರೆಯಬಹುದು. 2005ರ ಕಾನೂನಿನಂತೆ ಮಗಳದೂ ಮಗನಷ್ಟೇ ಪಾಲು. ಅವಳದನ್ನು ದಾನ ಮಾಡೋಕೆ ನೀನ್ಯಾವ ಕರ್ಣ?”

“ಹಾಗಾದರೆ ಹಕ್ಕಸೋಡ್ ಪತ್ರ ಬರೆದುಬಿಡಿ.”

“ಹಕ್ಕು ಬಿಡುವವಳು ಅವಳು. ಅವಳೇ ಬಂದು ಸಹಿ ಹಾಕಬೇಕು. ಫೋನ್ ಮಾಡು.”

ನಮ್ಮ ಕಡೆಯೂ ಸೀರೆ ಕುಪ್ಪಸ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಅಣ್ಣಂದಿರಿದ್ದಾರೆ. ನಾನು ತಲೆ ತಗ್ಗಿಸಿ ಚಹಾ ಕುಡಿದೆ. ಯಜಮಾನರು ಫೋನ್ ಹಿಡಿದು ಬಹಳ ಹೊತ್ತು ನೋಡಿದರು, ಮಾಡಲಿಲ್ಲ. ಐನೂರರ ಕಾಗದ ನಾಲ್ಕು ಮಡಿಕೆಯಾಗಿ ಜೇಬು ಸೇರಿತು. ಮೂವರ ಚಹಾದ ದುಡ್ಡು ನಾನೇ ಕೊಟ್ಟೆ.